ನಾತ್ತೊ ತಿಂದ ಕೈಯೂ ನಮ್ಮ ಬೂಷ್ಟಿನ ಕೋಣೆಯೂ

ಪುರಸಭೆಯ ಕೈಗಾರಿಕಾ ಅಭಿವೃದ್ಧಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಕಾರ್ಖಾನೆಯ ವಾಯವ್ಯದ ಬೇಲಿಗೆ ಅಂಟಿಕೊಂಡಿರುವ ಖಾಲಿ ಜಾಗವನ್ನು ತಾವು ಒಂದು ನಾತ್ತೊ ಕಾರ್ಖಾನೆಗೆ ಕೊಡಲು ನಿಶ್ಚಯಿಸಿದ್ದೀರಿ. ತಿಂಗಳ ಕೊನೆಗೆ ಕಾಗದದ ಮೇಲೆ ಮೊಹರು ಬೀಳಲಿದೆಯಂತೆ. ದಯವಿಟ್ಟು ಮೊಹರು ಒತ್ತಬೇಡಿ. ಪತ್ರದ ಸಾರಾಂಶ ಇಷ್ಟೇ. ಬಿಡುವಿಲ್ಲದ ಅಧಿಕಾರಿಗಳು ಇಲ್ಲಿಗೇ ಓದು ನಿಲ್ಲಿಸಿ, ಮೊಹರನ್ನು ಅದರ ಡಬ್ಬಿಯಲ್ಲಿ ಮಲಗಿಸಿ, ಚಹಾ ತರಿಸಿಕೊಳ್ಳಬಹುದು. ಆದರೆ ತಮ್ಮ ಕಚೇರಿಯಲ್ಲಿ ಸಾರಾಂಶಕ್ಕೆ ಬೆಲೆಯಿಲ್ಲ, ಉದ್ದಕ್ಕೆ ಮಾತ್ರ ಬೆಲೆ ಎಂಬುದನ್ನು ಮೂರು ಮಹಡಿ ಹತ್ತಿ ಇಳಿದು ಕಲಿತಿದ್ದೇನೆ. ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ.

ನಾವು ಬೂಷ್ಟು ಸಾಕುವವರು. ಬೇರೆಯವರ ಮನೆಯಲ್ಲಿ ಬ್ರೆಡ್ಡಿನ ಮೇಲೆ ಬೂಷ್ಟು ಕಂಡರೆ ಚೀರುತ್ತಾರೆ. ನಮ್ಮಲ್ಲಿ ಬೂಷ್ಟು ಕಾಣದಿದ್ದರೆ ಚೀರುತ್ತಾರೆ. ಗೋಧಿ ಬೂಸಾವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಅದರ ಮೇಲೆ ಕೋಜಿ ಶಿಲೀಂಧ್ರದ ಬೀಜಾಣುಗಳನ್ನು ವಿಭೂತಿ ಎರಚಿದಷ್ಟು ಭಕ್ತಿಯಿಂದ ಎರಚಿ, ಸೆದರ್ ಮರದ ಗೋಡೆಯ ಬೆಚ್ಚನೆಯ ಕೋಣೆಯಲ್ಲಿ ತಟ್ಟೆ ತಟ್ಟೆಯಾಗಿ ಮಲಗಿಸುತ್ತೇವೆ. ಎರಡು ದಿನದಲ್ಲಿ ಬೂಸಾಕ್ಕೆ ಬೆಳ್ಳನೆಯ ತುಪ್ಪಳ ಬರುತ್ತದೆ, ಕೋಣೆಯಲ್ಲಿ ಸುಟ್ಟ ಕಡಲೆಯಂಥ ಘಮ ಏಳುತ್ತದೆ. ಬೂಷ್ಟು ತನ್ನ ಹೊಟ್ಟೆಪಾಡಿಗಾಗಿ ಒಂದು ಬಗೆಯ ರಸವನ್ನು ಒಸರುತ್ತದೆ. ಅದೇ ಕಿಣ್ವ. ನಾವು ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿ, ಒಣಗಿಸಿ, ಪುಡಿ ಮಾಡಿ ಮಾರುತ್ತೇವೆ. ಬೂಷ್ಟಿನ ಜೊಲ್ಲು ಮಾರಿ ಬದುಕುವವರು ಎಂದು ನನ್ನ ಮಾವನವರು ನಮ್ಮ ಮದುವೆಯಲ್ಲಿ ನನ್ನನ್ನು ನೆಂಟರಿಗೆ ಪರಿಚಯಿಸಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಕೆಲಸ ಕಿಣ್ವದ ಜಾತಕ ಬರೆಯುವುದು. ಯಾವ ಶಾಖದಲ್ಲಿ ಅದಕ್ಕೆ ಹುರುಪು, ಯಾವ ಶಾಖದಲ್ಲಿ ಮರಣ, ಹುಳಿಯಲ್ಲಿ ಚುರುಕೋ ಕ್ಷಾರದಲ್ಲಿ ಚುರುಕೋ, ಉಪ್ಪಿನ ಜೊತೆ ಬಾಳುತ್ತದೋ ಇಲ್ಲವೋ, ಇವನ್ನೆಲ್ಲ ಪ್ರತಿ ಸಲದ ಪುಡಿಗೂ ಪರೀಕ್ಷಿಸಿ ಗೆರೆ ಎಳೆಯುತ್ತೇನೆ. ಕೊಳ್ಳುವವರು ಮೊದಲು ನೋಡುವುದು ಜಾತಕ, ಆಮೇಲೆ ಪುಡಿ. ನಮ್ಮ ಪುಡಿಯ ಕೆಲಸ ಮಾಂಸ, ಮೀನುಗಳ ನಾರನ್ನು ಮೆದುವಾಗಿಸುವುದು. ಊರಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅದನ್ನೇ ಬಳಸುತ್ತಾರೆ. ತಟ್ಟೆಯಲ್ಲಿರುವ ಬಂಗುಡೆ ಮೀನು ನೋಡಲು ಇಡಿಯ ಬಂಗುಡೆಯೇ. ಬಾಯಿಗಿಟ್ಟು ನಾಲಿಗೆಯಿಂದ ಒತ್ತಿದರೆ ಮೋಡದಂತೆ ಕರಗುತ್ತದೆ. ಹಲ್ಲಿಲ್ಲದವರಿಗೂ ಮೀನಿನ ರೂಪ ಕಣ್ಣಿಗೆ ಬೀಳಬೇಕಲ್ಲವೇ? ಆ ಆಶ್ರಮದ ಅಡುಗೆಮನೆಯಲ್ಲಿ ನನ್ನ ಹೆಂಡತಿ ಸುಮಿಯೆ ಕೆಲಸ ಮಾಡುತ್ತಾಳೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ನಾತ್ತೊ ವಿಷಯ. ಬೆಂದ ಸೋಯಾ ಕಾಳನ್ನು ಹುದುಗಿಸಿ, ಲೋಳೆಯಾಗಿಸಿ, ಊಟದ ಕಡ್ಡಿಯಿಂದ ಎತ್ತಿದರೆ ಜೇಡನಿಗೂ ನಾಚಿಕೆಯಾಗುವಂತೆ ನೂಲೆಳೆಯುವ ಆ ತಿನಿಸಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಬಿಸಿ ಅನ್ನದ ಮೇಲೆ ಅದನ್ನು ಸುರಿದುಕೊಂಡು ತಿನ್ನುವವರ ಮುಖದ ಆನಂದವನ್ನು ದೂರದಿಂದ ಕಂಡು ಕೈಮುಗಿದಿದ್ದೇನೆ. ದೂರದಿಂದಲೇ, ಏಕೆಂದರೆ ನಾತ್ತೊ ಮಾಡುವ ಬ್ಯಾಕ್ಟೀರಿಯಾ ನಮ್ಮ ಬೂಷ್ಟಿಗೆ ಯಮ. ಕುದಿಯುವ ನೀರಿಗೂ ಅದರ ಬೀಜಾಣು ಜಗ್ಗುವುದಿಲ್ಲ. ಸೋಪಿಗೆ ಅದು ನಗುತ್ತದೆ. ನಮ್ಮ ಕೋಣೆಯ ಬೆಚ್ಚಗಿನ ಒದ್ದೆ ಗಾಳಿ ಅದಕ್ಕೆ ಅತ್ತೆಮನೆಯ ಔತಣ. ಒಮ್ಮೆ ಒಳಗೆ ಬಂದರೆ ನಮ್ಮ ಬೂಷ್ಟು ಕಣ್ಣುಬಿಡುವುದರೊಳಗೆ ಅದರ ಮಕ್ಕಳು ಮೊಮ್ಮಕ್ಕಳು ಬೂಸಾದ ತುಂಬ ಸಂಸಾರ ಹೂಡಿರುತ್ತಾರೆ. ಮರುದಿನ ತಟ್ಟೆಗೆ ಕೈಹಾಕಿದರೆ ಬೂಸಾವೇ ನೂಲೆಳೆಯುತ್ತದೆ.

ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿಯಿದೆ. ಬೂಷ್ಟಿನ ಕೋಣೆಯ ಹೊಣೆ ಹೊತ್ತಿರುವ ಹೊರಿಬೆ ಸಾನ್ ಎಂಬ ಹಿರಿಯ ಹೆಂಗಸು ದಿನವೂ ಬಾಗಿಲಲ್ಲಿ ನಿಲ್ಲುತ್ತಾರೆ. ಅವರು ಯಾರಿಗೂ ಶುಭೋದಯ ಹೇಳುವುದಿಲ್ಲ.

"ಏನು ತಿಂದ್ಕೊಂಡು ಬಂದೆ?"

"ಅನ್ನ, ಮೊಟ್ಟೆ, ಹೊರಿಬೆ ಸಾನ್."

"ಎಲ್ಲಿ, ಹತ್ರ ಬಾ. ಬಾಯಿ ತೆಗಿ. ಹಾ ಅನ್ನು."

ನಾತ್ತೊ ತಿಂದವರು ಅಂದು ಕೋಣೆಯ ಕಡೆ ತಲೆಹಾಕುವಂತಿಲ್ಲ. ಅಂಗಳ ಗುಡಿಸಬೇಕು, ಅದೂ ಗಾಳಿ ಬೀಸುವ ದಿಕ್ಕು ನೋಡಿಕೊಂಡು. ಮದ್ಯ ಮಾಡುವವರ ಮನೆಗಳಲ್ಲೂ, ಸೋಯಾ ಕಾಳನ್ನು ಕೋಜಿಯಿಂದ ಹುದುಗಿಸಿ ಮಿಸೊ ಮಾಡುವವರ ಮನೆಗಳಲ್ಲೂ ಇದೇ ನೇಮ. ನಾತ್ತೊ ಎಂದರೆ ಪ್ರಾಣ ಬಿಡುವ ಮಿತೊ ಪಟ್ಟಣದ ಮಗಳು ನನ್ನ ಹೆಂಡತಿ. ಆಕೆ ನನ್ನ ಕೈ ಹಿಡಿದಂದಿನಿಂದ ಈ ಮನೆಯಲ್ಲಿ ಒಂದು ಕಾಳು ನಾತ್ತೊ ತಿಂದಿಲ್ಲ. ತವರಿಗೆ ಹೋದಾಗ ಮಾತ್ರ ತಿನ್ನುತ್ತಾಳೆ. ವಾಪಸ್ ಬಂದ ದಿನ ಬಾಗಿಲಲ್ಲೇ ನಿಲ್ಲಿಸಿ ಸೀದಾ ಬಚ್ಚಲಿಗೆ ಕಳಿಸುತ್ತೇನೆ. ಬಟ್ಟೆ ಬೇರೆ, ಸೂಟ್‌ಕೇಸ್ ಬೇರೆ, ಚಪ್ಪಲಿ ಹೊರಗೆ. "ಹೆಣ ಸುಟ್ಟು ಬಂದವಳಿಗೂ ಇಷ್ಟು ಮಡಿ ಮಾಡಿಸಲ್ಲ ಕಣ್ರೀ" ಎಂದು ಆಕೆ ಬೈದದ್ದನ್ನು ಅಕ್ಕಪಕ್ಕದವರೆಲ್ಲ ಕೇಳಿದ್ದಾರೆ. ಇಂಥ ತ್ಯಾಗಗಳ ಮೇಲೆ ನಿಂತಿರುವ ಉದ್ಯಮ ನಮ್ಮದು, ಮಾನ್ಯರೇ. ತಮ್ಮ ವಾರ್ಷಿಕ ವರದಿಯಲ್ಲಿ ಇದಕ್ಕೆ ಕಲಮು ಇದೆಯೇ?

ಹೋದ ಹೇಮಂತದಲ್ಲಿ 'ಹುದುಗಿನ ಗ್ರಾಮ' ಯೋಜನೆಯ ನಿಮಿತ್ತ ತಾವು ನಮ್ಮಲ್ಲಿಗೆ ದಯಮಾಡಿಸಿದಿರಿ. ಜೊತೆಗೆ ಛಾಯಾಗ್ರಾಹಕ, ಕೊಡೆ ಹಿಡಿಯುವವರು, ಮಳೆಯಿಲ್ಲದ್ದರಿಂದ ಆ ಕೊಡೆಯನ್ನು ಹೊತ್ತುಕೊಳ್ಳುವವರು. ನಮ್ಮ ಒಡತಿ ಉಬುಕಾತಾ ಸಾನ್ ಹೊಸ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟು ನಡು ಬಗ್ಗಿಸಿ ನಿಂತಿದ್ದರು. ಬಾಗಿಲಲ್ಲಿ ಹೊರಿಬೆ ಸಾನ್ ಇದ್ದರು. ಬಾಯಿ ತೆರೆದಿದ್ದರು ಕೂಡ. ಅಷ್ಟರಲ್ಲಿ ಒಡತಿ ಅವರ ಕಾಲು ತುಳಿದರು.

ಅಲ್ಲೇ ಎಡವಿದೆವು. ತಮ್ಮಂಥ ದೊಡ್ಡವರನ್ನು ಬೆಳಿಗ್ಗೆ ಏನು ತಿಂದಿರಿ ಎಂದು ಕೇಳುವುದು ಹೇಗೆ? ಕೂಲಿಯವನನ್ನು ಕೇಳಬಹುದು, ಗುಮಾಸ್ತನನ್ನು ಕೇಳಬಹುದು, ಬ್ಯಾಂಕಿನವರನ್ನು ಒಂದಿಷ್ಟು ಕೆಮ್ಮಿ ಕೇಳಬಹುದು. ವಿಭಾಗ ಮುಖ್ಯಸ್ಥರಿಗೆ "ಹಾ ಅನ್ನಿ" ಎನ್ನುವುದು ಯಾವ ಶಿಷ್ಟಾಚಾರದ ಪುಸ್ತಕದಲ್ಲಿದೆ? ಒಡತಿ ತಮಗೆ ಗೊತ್ತಿದ್ದ ಅತ್ಯಂತ ವಿನಯದ ದಾರಿ ಹಿಡಿದರು.

"ತಾವು ಬೆಳಗಿನ ಉಪಾಹಾರವನ್ನು... ಸೋಯಾ ಕುಟುಂಬಕ್ಕೆ ಸೇರಿದ ಯಾವುದಾದರೂ ಪದಾರ್ಥದೊಂದಿಗೆ... ಮುಗಿಸಿರುವ ಸಂಭವ..."

"ಓ, ಮಿಸೊ ಸಾರು ಕುಡಿದೆ! ಬಹಳ ಚೆನ್ನಾಗಿತ್ತು" ಎಂದು ತಾವು ನಕ್ಕಿರಿ.

ನಾವೂ ನಕ್ಕೆವು. ಮಿಸೊ ನಮ್ಮ ಬೂಷ್ಟಿನದೇ ಸಂತಾನ, ತೊಂದರೆಯಿಲ್ಲ. ಆಮೇಲೆ ಒಳಗೆ ಬಂದಿರಿ. ಕೈಗವಸು ಕೊಟ್ಟೆವು, ಹಾಕಿಕೊಂಡಿರಿ. ಛಾಯಾಗ್ರಾಹಕ ಕ್ಯಾಮೆರಾ ಎತ್ತುತ್ತಿದ್ದಂತೆ ಅದನ್ನು ಕಳಚಿ ಕೊಡೆಯವರ ಕೈಗೆ ಕೊಟ್ಟಿರಿ.

"ಬರಿಗೈ ಇದ್ರೇನೇ ಕಸುಬಿನ ಕಳೆ ಬರೋದು, ಅಲ್ವೇನ್ರೀ?"

ಹಾಗೆಂದು ತಟ್ಟೆಯೊಳಗೆ ಮಣಿಕಟ್ಟಿನವರೆಗೆ ಕೈಯಿಳಿಸಿದಿರಿ. ಒಂದು ಚಿತ್ರಕ್ಕೆ ತೃಪ್ತಿಯಾಗಲಿಲ್ಲ. ಪಕ್ಕದ ತಟ್ಟೆಯಲ್ಲಿ ಬೆಳಕು ಚೆನ್ನಾಗಿತ್ತು. ಅದರಾಚೆಯ ತಟ್ಟೆಯಲ್ಲಿ ಹಿನ್ನೆಲೆ ಚೆನ್ನಾಗಿತ್ತು. ನಾವು ಹಲ್ಲುಕಿರಿದು ನಿಂತೆವು. ಒಬ್ಬರಾದರೂ "ಬೇಡಿ" ಅಂದೆವೇ? ಇಲ್ಲ. "ತಾವು ಬಹಳ ಸಹಜವಾಗಿ ಬೆರೆಸುತ್ತೀರಿ" ಅಂದೆವು.

ಆಮೇಲೆ ಚಹಾ. ತಾವು ದಿಂಬಿನ ಮೇಲೆ ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಲು ಖುಷಿಯಲ್ಲಿ ಹೇಳಿದಿರಿ:

"ಇಲ್ಲಿಗೆ ಬರೋ ಮುಂಚೆ ಆ ಹೊಸ ನಾತ್ತೊ ಕಂಪನಿಯವರು ರುಚಿ ನೋಡೋಕೆ ಕರ್ದಿದ್ರು. ಅಬ್ಬಾ, ಏನು ಎಳೆ ಅಂತೀರಿ! ಮೂರು ಬಟ್ಟಲು ಬಾರಿಸಿಬಿಟ್ಟೆ. ಮಿಸೊ ಸಾರು ಅವರದೇ."

 ಹೊರಿಬೆ ಸಾನ್ ಅತಿಥಿಗಳಾದ ತಮ್ಮ ಅಂಗಿಯ ತೋಳಂಚನ್ನೇ ನೋಡುತ್ತಿದ್ದರು. ಅಲ್ಲಿ ಗುಂಡಿಯಿಂದ ಗುಂಡಿಗೆ ಒಂದು ಎಳೆ, ಕಿಟಕಿಯ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಅಷ್ಟು ಸೊಗಸಾದ ನಾತ್ತೊ ಎಳೆಯನ್ನು ನನ್ನ ಹೆಂಡತಿಯ ತವರಿನಲ್ಲೂ ನಾನು ಕಂಡಿಲ್ಲ.

ತಮ್ಮ ಕಾರು ಗೇಟು ದಾಟುವವರೆಗೆ ಎಲ್ಲರೂ ತಲೆಬಾಗಿ ನಿಂತಿದ್ದೆವು. ದಾಟಿದ ಕೂಡಲೇ ಹೊರಿಬೆ ಸಾನ್ ಒಡತಿಯ ಕಡೆ ತಿರುಗಿದರು.

"ನನ್ನ ಕಾಲು ತುಳಿದ್ರಲ್ಲ, ಅದರ ಬದಲು ಅವರ ಕಾಲು ತುಳಿದಿದ್ರೆ ಆಗ್ತಿತ್ತಲ್ಲಮ್ಮಾ?"

ತಾವು ಮುಟ್ಟಿದ ತಟ್ಟೆಗಳನ್ನು ಆಗಲೇ ಎಸೆದೆವು. ಆದರೆ ಕೋಣೆಯ ಗಾಳಿಯನ್ನು ಎಸೆಯುವುದು ಎಲ್ಲಿಗೆ? ಉಳಿದ ತಟ್ಟೆಗಳು ಕಣ್ಣಿಗೆ ಚೆನ್ನಾಗಿಯೇ ಇದ್ದವು. ಬೆಳ್ಳನೆಯ ತುಪ್ಪಳ, ಘಮ, ಎಲ್ಲ ಇತ್ತು. ಬಚಾವಾದೆವು ಅಂದುಕೊಂಡು ಹಿಂಡಿದೆವು, ಸೋಸಿದೆವು, ಪುಡಿ ಮಾಡಿದೆವು. ಪುಡಿ ನನ್ನ ಮೇಜಿಗೆ ಬಂತು. ನಮ್ಮ ಕಿಣ್ವಕ್ಕೆ ತುಸು ಹುಳಿಯೆಂದರೆ ಇಷ್ಟ. ಹುಳಿಯಿಂದ ಕ್ಷಾರದವರೆಗೆ ಸಾಲಾಗಿ ಪರೀಕ್ಷಿಸಿ ಗೆರೆ ಎಳೆದರೆ ಹುಳಿಯ ಕಡೆ ಒಂದೇ ಒಂದು ಗುಡ್ಡ ಏಳುತ್ತದೆ, ಆಮೇಲೆ ಬಯಲು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಅದೊಂದೇ ಗುಡ್ಡ. ಅಂದು ಗೆರೆ ಗುಡ್ಡ ಹತ್ತಿತು, ಇಳಿಯಿತು, ಮತ್ತೆ ಕ್ಷಾರದ ಕಡೆಗೆ ಇನ್ನೊಂದು ಗುಡ್ಡ ಹತ್ತಿತು. ನಾತ್ತೊ ಬ್ಯಾಕ್ಟೀರಿಯಾ ತನ್ನದೇ ಕಿಣ್ವ ಒಸರುತ್ತದೆ, ಅದಕ್ಕೆ ಕ್ಷಾರವೆಂದರೆ ಪ್ರಾಣ. ಮತ್ತೊಮ್ಮೆ ಪರೀಕ್ಷಿಸಿದೆ, ಮತ್ತೊಮ್ಮೆ ಎರಡು ಗುಡ್ಡ. ಹೊರಿಬೆ ಸಾನ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಇದೇನಪ್ಪಾ, ಒಂಟೆ?"

"ಹೌದು, ಹೊರಿಬೆ ಸಾನ್. ಎರಡು ಡುಬ್ಬದ್ದು."

"ಮೊದಲನೇ ಡುಬ್ಬ ನಮ್ಮದು. ಎರಡನೇದಕ್ಕೆ ಪುರಸಭೆ ಹೆಸರು ಬರಿ."

ಮಾನ್ಯರೇ, ನಮ್ಮ ಊರಿನ ಚರಿತ್ರೆಯಲ್ಲಿ ಪುರಸಭೆ ನಿಜವಾಗಿ ಏನನ್ನಾದರೂ ಬೆಳೆಸಿದ್ದರೆ ಅದು ಈ ಎರಡನೆಯ ಡುಬ್ಬ. ಚಿತ್ರವನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದೇನೆ. ಅಭಿವೃದ್ಧಿಯ ಗೆರೆ ಮೇಲೇರುತ್ತಿರುವುದನ್ನು ತೋರಿಸಲು ತಮ್ಮ ಕಚೇರಿಗೆ ಬೇಕಿದ್ದರೆ ಕಳಿಸಿಕೊಡುತ್ತೇನೆ.

ಆ ಪುಡಿಯನ್ನು ನಾವು ಮಾರಲಿಲ್ಲ. ಕೋಣೆಯನ್ನು ಮುಚ್ಚಿ, ಗೋಡೆಯ ಹಲಗೆಗಳನ್ನು ಕಳಚಿ, ಉಜ್ಜಿ, ಹಬೆಯಾಡಿಸಿ, ಒಣಗಿಸಿ, ಮತ್ತೆ ಉಜ್ಜಿದೆವು. ಒಂಟೆಯ ಎರಡನೇ ಡುಬ್ಬ ಕರಗುವಷ್ಟರಲ್ಲಿ ಚಳಿಗಾಲ ಮುಗಿದಿತ್ತು. ಅಷ್ಟು ದಿನ ವೃದ್ಧಾಶ್ರಮಕ್ಕೆ ನಮ್ಮ ಪುಡಿ ಹೋಗಲಿಲ್ಲ. ಮೀನನ್ನು ರುಬ್ಬಿ ಗಂಜಿ ಮಾಡಿ ಬಡಿಸಬೇಕಾಯಿತು. ಅಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುವ ಒಬ್ಬ ಹಿರಿಯ ತಾಯಿ ಬಟ್ಟಲನ್ನು ನೋಡಿ ನನ್ನ ಹೆಂಡತಿಯನ್ನು ಕರೆದು ಕೇಳಿದರಂತೆ:

"ಏನಮ್ಮಾ ಸುಮಿಯೆ, ಇದು ಮೀನೋ, ಮೀನಿನ ಬಗ್ಗೆ ಎದ್ದಿರೋ ಗಾಳಿಸುದ್ದಿನೋ?"

"ಪುಡಿ ಬಂದಿಲ್ಲ ಅಜ್ಜಿ. ಕಾರ್ಖಾನೇಲಿ ಏನೋ ಕೆಟ್ಟುಹೋಯ್ತಂತೆ."

"ಯಾರೋ ಅವನು ಕೆಡಿಸಿದ್ದು? ಕರ್ಕೊಂಡು ಬಾ ಇಲ್ಲಿ. ಅವನ ಬಾಯಿಗೇ ಈ ಗಂಜಿ ಹುಯ್ತೀನಿ."

ನನ್ನ ಹೆಂಡತಿ ಹೆಸರು ಹೇಳಲಿಲ್ಲ. ಆ ಹಿರಿಯ ತಾಯಿ ತಮ್ಮ ಪೂಜ್ಯ ಮಾತೃಶ್ರೀಯವರು.

ಒಂದು ಕೈ, ಒಂದು ಮುಂಜಾನೆ, ಮೂರು ಬಟ್ಟಲು ಇಷ್ಟು ಮಾಡಿದವು. ಈಗ ತಾವು ನಮ್ಮ ಬೇಲಿಗೆ ತಾಗಿಸಿ ಹಗಲಿರುಳು ನಾತ್ತೊ ಹುದುಗಿಸುವ ಕಾರ್ಖಾನೆಯನ್ನೇ ತರುತ್ತಿದ್ದೀರಿ, ಅದೂ ವಾಯವ್ಯಕ್ಕೆ! ಚಳಿಗಾಲವಿಡೀ ಇಬುಕಿ ಬೆಟ್ಟದಿಂದ ಗಾಳಿ ಬೀಸುವುದು ಯಾವ ದಿಕ್ಕಿನಿಂದ ಎಂದು ಊರಿನಲ್ಲಿ ಬಟ್ಟೆ ಒಣಹಾಕುವ ಯಾರನ್ನಾದರೂ ಕೇಳಿ. ಅವರ ಹಬೆಕೊಳವೆಯಿಂದ ಹೊರಟದ್ದು ನೆಟ್ಟಗೆ ನಮ್ಮ ಕಿಟಕಿಗೆ ಬಂದು ಕದ ತಟ್ಟುತ್ತದೆ. ಇದನ್ನೇ ಹೇಳಲು ಒಡತಿ, ಹೊರಿಬೆ ಸಾನ್, ನಾನು, ಮೂವರೂ ತಮ್ಮ ಕಚೇರಿಗೆ ಬಂದೆವು. ತಾವು ಯೋಜನೆಯ ಕರಪತ್ರ ತೋರಿಸಿದಿರಿ. ಅದರಲ್ಲಿ ಒಂದು ಕೋಜಿ ಕಾಳೂ ಒಂದು ಸೋಯಾ ಕಾಳೂ ಕಣ್ಣು ಮೂಗು ಬರೆಸಿಕೊಂಡು ಕೈಕೈ ಹಿಡಿದು ಕುಣಿಯುತ್ತಿದ್ದವು.

"ನೋಡಿ, ಕೋಜಿನೂ ಹುದುಗು, ನಾತ್ತೊನೂ ಹುದುಗು. ಒಂದೇ ಮನೆ ಮಕ್ಕಳಿದ್ದಂಗೆ. ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು" ಎಂದಿರಿ.

"ಸಾರ್, ಬೆಕ್ಕೂ ಪ್ರಾಣಿ, ಇಲಿನೂ ಪ್ರಾಣಿ. ನಿಮ್ಮನೇಲಿ ಎರಡನ್ನೂ ಒಂದೇ ಬುಟ್ಟೀಲಿ ಮಲಗಿಸ್ತೀರಾ?" ಎಂದರು ಹೊರಿಬೆ ಸಾನ್. ಈ ಸಲ ಯಾರೂ ಅವರ ಕಾಲು ತುಳಿಯಲಿಲ್ಲ.

"ಬೇಕಿದ್ರೆ ಎತ್ತರವಾಗಿ ಒಂದು ಗೋಡೆ ಕಟ್ಟಿಸಿಕೊಡೋಣ."

"ಗಾಳಿಗೆ ಗೋಡೆ ಹತ್ತೋಕೆ ಬರಲ್ಲ ಅಂತ ಯಾರು ಹೇಳಿದ್ರು ಸಾರ್?"

"ಗಾಳಿ ನಮ್ಮ ವಿಭಾಗಕ್ಕೆ ಬರೋದಿಲ್ಲಮ್ಮಾ. ಅದು ಪರಿಸರ ವಿಭಾಗ. ಮೇಲಿನ ಮಹಡಿ."

ಮೇಲಿನ ಮಹಡಿಗೆ ಹೋದೆವು. ಗಾಳಿಯಲ್ಲಿ ದುರ್ವಾಸನೆಯಿದ್ದರೆ ಮಾತ್ರ ಪರಿಸರ ವಿಭಾಗದ್ದು, ವಾಸನೆಯಿಲ್ಲದ ಬೀಜಾಣು ಆರೋಗ್ಯ ವಿಭಾಗದ್ದು ಎಂದರು. ಅದರ ಮೇಲಿನ ಮಹಡಿಗೆ ಹೋದೆವು. ನಾತ್ತೊ ಆರೋಗ್ಯಕ್ಕೆ ಬಹಳ ಒಳ್ಳೆಯದು, ಅದರ ವಿರುದ್ಧ ದೂರು ತೆಗೆದುಕೊಳ್ಳಲು ತಮ್ಮಲ್ಲಿ ಅವಕಾಶವೇ ಇಲ್ಲ ಎಂದು ಅಲ್ಲಿನ ಹುಡುಗಿ ನಗುನಗುತ್ತಾ ಹೇಳಿ, ದಿನಕ್ಕೊಂದು ಬಟ್ಟಲು ನಾತ್ತೊ ತಿನ್ನಿರೆಂಬ ಹಸ್ತಪತ್ರಿಕೆಯನ್ನು ಮೂವರ ಕೈಗೂ ಕೊಟ್ಟಳು. ಹೊರಿಬೆ ಸಾನ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದರು. ಮುದ್ರಣದ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ.

ಇಲ್ಲಿಯವರೆಗೆ ತಾವು ನಕ್ಕಿದ್ದರೆ ಸಂತೋಷ. ಮುಂದಿನದನ್ನು ನಗದೆ ಓದಿ. ಬಸ್ಸಿಗೆ ಕಾಯುತ್ತಾ ಒಡತಿ ಹೇಳಿದರು: "ಅವರು ಆ ಜಾಗಕ್ಕೆ ಬಂದ್ರೆ ಕೋಣೆ ಮುಚ್ಚಿಬಿಡೋಣ. ಪುಡಿ ಹೊರಗಿಂದ ತರಿಸೋಣ. ನಾವು ಬರೀ ಪೊಟ್ಟಣ ಕಟ್ಟೋಣ." ನಾನು ಹೊರಿಬೆ ಸಾನ್ ಮುಖ ನೋಡಿದೆ, ಈಗೊಂದು ಚಾಟಿ ಬೀಸುತ್ತಾರೆ ಎಂದು. ಅವರು ಹಸ್ತಪತ್ರಿಕೆಯನ್ನು ಮಡಿಸುತ್ತಾ ಇದ್ದರು. ಅರ್ಧಕ್ಕೆ ಮಡಿಸಿ, ಅದರರ್ಧಕ್ಕೆ ಮಡಿಸಿ, ಇನ್ನು ಮಡಿಸಲಾಗದಷ್ಟು ಚಿಕ್ಕದಾಗುವವರೆಗೆ. ಆ ಕೋಣೆಗೆ ಅವರು ಬಂದದ್ದು ಶಾಲೆ ಮುಗಿಸಿದ ವರ್ಷ. ಬೂಸಾಕ್ಕೆ ಜ್ವರ ಏರಿದೆಯೇ ಎಂದು ತಮ್ಮ ಮಕ್ಕಳ ಹಣೆ ಮುಟ್ಟಿದ್ದಕ್ಕಿಂತ ಹೆಚ್ಚು ಸಲ ಮುಟ್ಟಿ ನೋಡಿದ್ದಾರೆ. ಪೊಟ್ಟಣ ಕಟ್ಟುವವರನ್ನು ಬಾಗಿಲಲ್ಲಿ ನಿಂತು ಏನು ತಿಂದೆ ಎಂದು ಕೇಳುವ ಅಗತ್ಯವಿರುವುದಿಲ್ಲ. ಯಾರು ಏನು ತಿಂದರೂ ನಡೆಯುತ್ತದೆ. ಮಾನ್ಯರೇ, ನಲವತ್ತು ಜನರ ಬೆಳಗಿನ ತಿಂಡಿಯ ಬಗ್ಗೆ ಒಬ್ಬರಿಗಾದರೂ ಚಿಂತೆಯಿರುವ ಜಾಗ ಈ ಊರಿನಲ್ಲಿ ಇನ್ನೊಂದಿದ್ದರೆ ತೋರಿಸಿ.

ಆದ್ದರಿಂದ ನನ್ನ ಬೇಡಿಕೆ. ನಾತ್ತೊ ಕಾರ್ಖಾನೆ ಬರಲಿ, ಬಾಳಲಿ, ಊರೆಲ್ಲ ನೂಲೆಳೆಯಲಿ. ಆದರೆ ಹೊಳೆಯಾಚೆ, ಆಗ್ನೇಯದಲ್ಲಿ, ಹಳೆಯ ಹತ್ತಿ ಗಿರಣಿಯ ಜಾಗ ಹುಲ್ಲು ಬೆಳೆದು ಬಿದ್ದಿದೆ. ಅದನ್ನು ಅವರಿಗೆ ಕೊಡಿ. ಅಲ್ಲಿಂದ ಹೊರಟ ಚಳಿಗಾಲದ ಗಾಳಿ ನೇರ ಸಮುದ್ರಕ್ಕೆ ಹೋಗುತ್ತದೆ. ಸಮುದ್ರದಿಂದ ತಮ್ಮ ಕಚೇರಿಗೆ ಇದುವರೆಗೆ ಯಾವ ಆಕ್ಷೇಪಣೆಯೂ ಬಂದಂತಿಲ್ಲ. ನಾತ್ತೊ ಕಂಪನಿಯವರನ್ನೂ ಕಂಡು ಮಾತಾಡಿದ್ದೇನೆ, ನಡುವೆ ಒಂದು ರಸ್ತೆಯಷ್ಟು ಅಂತರವಿಟ್ಟು ನಿಂತು, ಕೂಗಿ. "ನಮಗೆ ಯಾವ ದಡ ಆದ್ರೂ ಸರಿ ಸ್ವಾಮಿ, ಆ ಬೇಲಿ ಪಕ್ಕದ ಜಾಗ ನಾವು ಕೇಳಿದ್ದಲ್ಲ, ಅವರೇ ಕೊಟ್ಟಿದ್ದು" ಎಂದು ಅವರೂ ಕೂಗಿ ಹೇಳಿದರು. ಅಂದಮೇಲೆ ಕೋಜಿಗೂ ಜಗಳವಿಲ್ಲ, ಸೋಯಾಕ್ಕೂ ಜಗಳವಿಲ್ಲ. ಇಬ್ಬರ ಕೈಯನ್ನೂ ಬಲವಂತವಾಗಿ ಜೋಡಿಸಿ ಕುಣಿಸುತ್ತಿರುವವರು ಯಾರು ಎಂಬ ಪ್ರಶ್ನೆಯೊಂದೇ ಉಳಿಯುತ್ತದೆ.

ತಿಂಗಳ ಕೊನೆಯೊಳಗೆ ಉತ್ತರ ಬೇಕು. ಇದು ಬೆದರಿಕೆಯಲ್ಲ. ಒಂದು ಸಂಗತಿಯನ್ನು ಮಾತ್ರ ತಮ್ಮ ಅವಗಾಹನೆಗೆ ತರುತ್ತಿದ್ದೇನೆ: ಈ ಬಹಿರಂಗ ಪತ್ರ ಅಚ್ಚಾಗುತ್ತಿರುವ ಊರಿನ ವಾರಪತ್ರಿಕೆಯ ಒಂದು ಪ್ರತಿ ಆ ವೃದ್ಧಾಶ್ರಮಕ್ಕೂ ಹೋಗುತ್ತದೆ. ಕಿಟಕಿಯ ಪಕ್ಕದ ಮೇಜಿನ ಹಿರಿಯ ತಾಯಿ ಭೂತಗನ್ನಡಿ ಹಿಡಿದು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಾರೆ. ಮುಂದಿನ ಭಾನುವಾರ ತಾವು ಅವರನ್ನು ನೋಡಲು ಹೋಗುವ ದಿನ. ಅಷ್ಟರೊಳಗೆ ಹೊಳೆಯಾಚೆಯ ಜಾಗ ಗೊತ್ತಾಗಿದ್ದರೆ ಅವರಿಗೆ ಹೇಳಲು ತಮ್ಮ ಬಳಿ ಏನಾದರೂ ಒಂದು ಒಳ್ಳೆಯ ಸುದ್ದಿ ಇರುತ್ತದೆ. ಇಲ್ಲದಿದ್ದರೆ ಗಂಜಿಯಿರುತ್ತದೆ.

ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು ಹೆಂಡತಿಗೆ ಓದಿ ಹೇಳಿದೆ. ಆಕೆ ಮೂಲಂಗಿ ಹೆಚ್ಚುತ್ತಾ ಪೂರ್ತಿ ಕೇಳಿದಳು.

"ಹೊಳೆಯಾಚೆ ಅಂದ್ರೆ ನಮ್ಮ ಆಶ್ರಮದ ಪಕ್ಕಾನೇ ಅಲ್ವೇನ್ರೀ?"

"ಹೌದು."

"ಅಲ್ಲೇ ಒಂದು ಮಾರೋ ಅಂಗಡಿನೂ ಇಡ್ಲಿ ಅಂತ ಸೇರಿಸಿ. ಸಂಜೆ ಕೆಲಸ ಮುಗಿಸಿ ಒಂದು ಬಟ್ಟಲು ತಿಂದ್ಕೊಂಡೇ ಸೇತುವೆ ದಾಟ್ತೀನಿ. ನೀವು ಬಚ್ಚಲಲ್ಲಿ ನೀರು ಕಾಯ್ಸಿಟ್ಟಿರಿ."

ಸೇರಿಸಿದ್ದೇನೆ, ಮಾನ್ಯರೇ. ಒಂದು ಅಂಗಡಿಯನ್ನೂ ಮಂಜೂರು ಮಾಡಿ. ಮೊದಲ ಗಿರಾಕಿ ನಮ್ಮ ಮನೆಯಿಂದಲೇ ಬರುತ್ತಾಳೆ. ನಾನು ಈ ದಡದಲ್ಲಿ ಟವೆಲು ಹಿಡಿದು ನಿಂತಿರುತ್ತೇನೆ.

ಇಂತಿ,
ಇಂದು ಬೆಳಿಗ್ಗೆ ಅನ್ನ, ಮೊಟ್ಟೆ, ಮೂಲಂಗಿ ಉಪ್ಪಿನಕಾಯಿ ಬಿಟ್ಟು ಬೇರೇನೂ ತಿಂದಿಲ್ಲವೆಂದು ಹೊರಿಬೆ ಸಾನ್ ಮುಂದೆ "ಹಾ" ಎಂದು ಸಾಬೀತುಪಡಿಸಿ ಬಂದಿರುವ,
ಓಗಿಸೊ ತೆತ್ಸುರೊ
ಬೂಷ್ಟಿನ ಜಾತಕ ಬರೆಯುವವನು